ಜನರ ನಡುವೆ ಕೂತು ಹಿಡಿದಿಟ್ಟ ಹಾಡು

ಕೇಳುಗರಿಗೆ ನಮಸ್ಕಾರ.

1975ರ ಏಪ್ರಿಲ್ 26. ಅಮೆರಿಕದ ಲಾಸ್ ಏಂಜಲೀಸ್ ನಗರದ ಸ್ಪೋರ್ಟ್ಸ್ ಅರೀನಾ. ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ತಂಡ ಅಲ್ಲಿ ಐದು ರಾತ್ರಿ ಹಾಡಿತು. ಇದು ನಾಲ್ಕನೇ ರಾತ್ರಿ. ಪೊಲೀಸರ ಕಾವಲು ಎಷ್ಟು ಬಿಗಿಯಾಗಿತ್ತು ಅಂದರೆ, ಆ ಐದು ದಿನಗಳಲ್ಲಿ ಐನೂರಕ್ಕೂ ಹೆಚ್ಚು ಜನರನ್ನು ಹಿಡಿದರು. ಅಂಥ ಕಾವಲನ್ನು ದಾಟಿ ಮೈಕ್ ಮಿಲ್ಲಾರ್ಡ್ ಎಂಬ ಅಭಿಮಾನಿ ಹಾಡನ್ನು ರೆಕಾರ್ಡ್ ಮಾಡಲು ಒಂದು ಕ್ಯಾಸೆಟ್ ಡೆಕ್ಕನ್ನೂ ಎರಡು ಮೈಕುಗಳನ್ನೂ ಒಳಗೆ ಒಯ್ದರು.

ಡೆಕ್ ಅಂದರೆ ಜೇಬಿನಲ್ಲಿ ಇಟ್ಟುಕೊಳ್ಳುವಂಥದ್ದಲ್ಲ. ಬ್ಯಾಟರಿಯಿಂದ ನಡೆಯುವ ನಾಕಾಮಿಚಿ 550, ದಪ್ಪನೆಯ ಭಾರದ ಪೆಟ್ಟಿಗೆ. ಮೈಕುಗಳು ಎಕೆಜಿ ಕಂಪನಿಯವು, ಸ್ಟುಡಿಯೋದಲ್ಲಿ ಬಳಸುವ ದರ್ಜೆಯವು. ಕಾಲು ಸರಿಯಾಗಿಯೇ ಇದ್ದರೂ ಮಿಲ್ಲಾರ್ಡ್ ಎಷ್ಟೋ ಕಾರ್ಯಕ್ರಮಗಳಿಗೆ ಗಾಲಿಕುರ್ಚಿಯಲ್ಲಿ ಹೋಗುತ್ತಿದ್ದರು. ಸೀಟಿನ ಕೆಳಗೆ ಡೆಕ್ ಅಡಗಿರುತ್ತಿತ್ತು. ಗೆಳೆಯರು ಕುರ್ಚಿ ತಳ್ಳುತ್ತಿದ್ದರು. ಲೆಡ್ ಝೆಪ್ಪೆಲಿನ್ ತಂಡ 1977ರ ಜೂನ್ 21ರಂದು ಅದೇ ಊರಿನ ಹತ್ತಿರ ಫೋರಮ್ ಸಭಾಂಗಣದಲ್ಲಿ ನುಡಿಸಿದ್ದನ್ನೂ ಅವರೇ ಹಿಡಿದಿಟ್ಟರು. ಆ ತಂಡದ ಅಭಿಮಾನಿಗಳು ಇಂದಿಗೂ ಆ ಟೇಪನ್ನು ಹುಡುಕಿ ಕೇಳುತ್ತಾರೆ.

ಪಿಂಕ್ ಫ್ಲಾಯ್ಡ್ ಟೇಪಿಗೆ ಯಾಕಿಷ್ಟು ಬೆಲೆ? 'ವಿಶ್ ಯು ವರ್ ಹಿಯರ್' ಆಲ್ಬಮ್ ಹೊರಬಂದದ್ದು ಆ ವರ್ಷದ ಸೆಪ್ಟೆಂಬರ್‌ನಲ್ಲಿ. ಅಂದರೆ ಸಭೆಯಲ್ಲಿ ಕೂತ ಸಾವಿರಾರು ಜನ ಅದರ ಹಾಡುಗಳನ್ನು ತಿಂಗಳುಗಟ್ಟಲೆ ಮೊದಲೇ ಕೇಳಿದರು. ಅವತ್ತು ನುಡಿಸಿದ ಇನ್ನೆರಡು ಹಾಡುಗಳು ಹೆಸರನ್ನೂ ಸಾಹಿತ್ಯದ ಒಂದಷ್ಟು ಭಾಗವನ್ನೂ ಬದಲಾಯಿಸಿಕೊಂಡು 1977ರ 'ಅನಿಮಲ್ಸ್' ಆಲ್ಬಮ್‌ನಲ್ಲಿ ಕಾಣಿಸಿಕೊಂಡವು. ಹಾಡು ಇನ್ನೂ ಬೆಳೆಯುತ್ತಿರುವುದು ಈ ಟೇಪಿನಲ್ಲಿ ಕೇಳುತ್ತದೆ. ಸ್ಟುಡಿಯೋದ ತಟ್ಟೆಯಲ್ಲಿ ಅದು ಸಿಗುವುದಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಇಂಥ ಟೇಪನ್ನು ಸರಿಪಡಿಸುವುದು ಅಂದರೇನು? ಗಲಾಟೆಯನ್ನೆಲ್ಲ ತೆಗೆದು ಸ್ಟುಡಿಯೋ ರೆಕಾರ್ಡಿನ ಹಾಗೆ ಮಾಡುವುದು ಅಂತ ಜಾಸ್ತಿ ಜನ ತಿಳಿದಿದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ಟೇಪ್ ಮಾಡಿದ ತಪ್ಪನ್ನು ತಿದ್ದಬೇಕು, ಸಭೆಯನ್ನು ಅಳಿಸಬಾರದು. ಎರಡರ ನಡುವಿನ ಗೆರೆ ಎಲ್ಲಿದೆ ಅಂತ ಗುರುತಿಸುವುದೇ ಈ ಕೆಲಸದ ಕಷ್ಟ.

ಟೇಪ್ ಮಾಡುವ ತಪ್ಪುಗಳಲ್ಲಿ ದೊಡ್ಡದು ವೇಗದ್ದು. ಕ್ಯಾಸೆಟ್ಟಿನ ಟೇಪ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ರೆಕಾರ್ಡ್ ಮಾಡುವಾಗ ಬ್ಯಾಟರಿ ಇಳಿದರೆ ಮೋಟಾರು ನಿಧಾನವಾಗುತ್ತದೆ. ಆ ಕ್ಯಾಸೆಟ್ಟನ್ನು ಆಮೇಲೆ ಸರಿಯಾದ ವೇಗದ ಡೆಕ್ಕಿನಲ್ಲಿ ಹಾಕಿದರೆ ಹಾಡು ಓಡುತ್ತದೆ, ಶ್ರುತಿ ಏರುತ್ತದೆ. ಗಾಯಕನ ದನಿ ತೆಳ್ಳಗಾಗುತ್ತದೆ. ಇದನ್ನು ಸುಮ್ನೆ ಕಿವಿಯ ಅಂದಾಜಿನಲ್ಲಿ ತಿದ್ದಿದರೆ ಸಾಲದು. ಟೇಪಿನಲ್ಲೇ ಒಂದು ಸಾಕ್ಷಿ ಇರುತ್ತದೆ. ವೇದಿಕೆಯ ಆಂಪ್ಲಿಫೈಯರುಗಳಿಂದ ಕರೆಂಟಿನ ಸಣ್ಣ ಗುಂಯ್ ಸದ್ದು ಬರುತ್ತದಲ್ವಾ? ಅಮೆರಿಕದಲ್ಲಿ ಅದು 60 ಹರ್ಟ್ಸ್, ಯುರೋಪಿನಲ್ಲಿ 50. ಅಮೆರಿಕದ ಟೇಪಿನಲ್ಲಿ ಆ ಗುಂಯ್ 61.5 ತೋರಿಸಿದರೆ, ಟೇಪು ನೂರಕ್ಕೆ ಎರಡೂವರೆಯಷ್ಟು ಜೋರಾಗಿ ಓಡುತ್ತಿದೆ ಅಂತ ಲೆಕ್ಕ. ಬ್ಯಾಟರಿ ಒಂದೇ ಸಲ ಇಳಿಯುವುದಿಲ್ಲ. ಹಾಗಾಗಿ ಮೊದಲ ಹಾಡಿಗೆ ಮಾಡಿದ ತಿದ್ದುಪಡಿ ಕೊನೆಯ ಹಾಡಿಗೆ ಹೊಂದುವುದಿಲ್ಲ. ಹಾಡಿನಿಂದ ಹಾಡಿಗೆ ನೋಡಿಕೊಂಡು ಹೋಗಬೇಕು.

ಇನ್ನೊಂದು, ಹೆಡ್ಡಿನ ಓರೆ. ಹೆಡ್ ಅಂದರೆ ಟೇಪಿಗೆ ತಾಗಿಕೊಂಡು ಸದ್ದನ್ನು ಬರೆಯುವ, ಓದುವ ಭಾಗ. ಟೇಪ್ ರೆಕಾರ್ಡರ್ ಬಳಸಿದ ಮನೆಗಳಲ್ಲಿ ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂವನ್ನು ನೋಡದವರು ಕಡಿಮೆ. ರೆಕಾರ್ಡ್ ಮಾಡಿದ ಹೆಡ್ಡೂ ಪ್ಲೇ ಮಾಡುವ ಹೆಡ್ಡೂ ಒಂದೇ ಕೋನದಲ್ಲಿ ಇರಬೇಕು. ಕೂದಲೆಳೆಯಷ್ಟು ಓರೆಯಾದರೂ ಡ್ರಮ್ಮಿನ ಜೊತೆಗಿರುವ ಕಂಚಿನ ತಟ್ಟೆಯ ಸದ್ದು ಮಂಕಾಗುತ್ತದೆ. ಕಿವಿಗೆ ಹೆಡ್‌ಫೋನ್, ಕೈಯಲ್ಲಿ ಸಣ್ಣ ಸ್ಕ್ರೂಡ್ರೈವರ್. ಆ ತಟ್ಟೆಯ 'ಛಿಸ್' ಬಿಡಿಸಿಕೊಂಡು ಕೇಳುವ ತನಕ ಒಂದಿಷ್ಟೇ ತಿರುಗಿಸುತ್ತಾ ಹೋಗಬೇಕು. ಕಂಪ್ಯೂಟರಿಗೆ ಇಳಿಸುವ ಮೊದಲೇ ಇದು ಆಗಬೇಕು. ಇಲ್ಲಿ ತಪ್ಪಿಸಿಕೊಂಡ ಸದ್ದನ್ನು ಆಮೇಲೆ ಯಾವ ಸಾಫ್ಟ್‌ವೇರೂ ನಿಜವಾಗಿ ವಾಪಸ್ ತರುವುದಿಲ್ಲ.

ಹಿಸ್ ಸದ್ದು, ಅಂದರೆ ಟೇಪಿನದೇ 'ಸ್ಸ್' ಅನ್ನುವ ಸದ್ದು, ಬೇರೆ ವಿಷಯ. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಕಾಪಿ ಆದಷ್ಟೂ ಹಿಸ್ ಜಾಸ್ತಿ. ಅದನ್ನು ತೆಗೆಯುವ ಸಾಫ್ಟ್‌ವೇರ್ ಕೈಗೆ ಸಿಕ್ಕರೆ ಎಲ್ಲರಿಗೂ ಆಸೆ. ಪೂರ್ತಿ ತೆಗೆದುಬಿಟ್ಟರೆ ಹಾಡು ನೀರೊಳಗಿಂದ ಬಂದ ಹಾಗೆ ಕೇಳುತ್ತದೆ, ಸಭಾಂಗಣದ ಗಾಳಿಯೇ ಹೋಗಿಬಿಡುತ್ತದೆ. ನಾನಾದರೆ ಹಿಸ್ಸನ್ನು ಇರಲು ಬಿಡುತ್ತೇನೆ. ಎರಡು ನಿಮಿಷದಲ್ಲಿ ಕಿವಿ ಅದನ್ನು ಮರೆಯುತ್ತದೆ. ಮೈಕಿನ ಪಕ್ಕದಲ್ಲೇ ಕೂತವರು ಚಪ್ಪಾಳೆ ಹೊಡೆದರೆ, ಆ ಒಂದೊಂದು ಚಪ್ಪಾಳೆಯ ಸದ್ದನ್ನು ಕೈಯಾರೆ ಸ್ವಲ್ಪ ತಗ್ಗಿಸಬಹುದು. ಆದರೆ ಗೆಳೆಯನನ್ನು ಕೂಗುವ ದನಿ, ಹಾಡು ಶುರುವಾದಾಗ ಗುರುತು ಹಿಡಿದವರ ಕೇಕೆ, ಹೊಸ ಹಾಡು ಬಂದಾಗ ಇಡೀ ಸಭೆ ಸುಮ್ಮನಾಗುವುದು, ಇವನ್ನೆಲ್ಲ ಮುಟ್ಟಬಾರದು. 1975ರಲ್ಲಿ ಆ ಹೊಸ ಹಾಡುಗಳನ್ನು ಜನ ಹೇಗೆ ತೆಗೆದುಕೊಂಡರು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆ ಇಲ್ಲ.

ತೊಂಬತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲು 45 ನಿಮಿಷ. ಮಗ್ಗುಲು ಬದಲಿಸುವಾಗ ಹಾಡು ತುಂಡಾಗುತ್ತದೆ. ಅದೇ ರಾತ್ರಿ ಬೇರೆಯವರು ಮಾಡಿದ ರೆಕಾರ್ಡಿಂಗ್ ಇದ್ದರೆ ಅದರಿಂದ ತೇಪೆ ಹಾಕುತ್ತಾರೆ. ಹಾಕಲಿ, ಆದರೆ ಎಲ್ಲಿ ಹಾಕಿದೆ ಅಂತ ಬರೆದಿಡಬೇಕು.

ಬರೆದಿಡುವ ಈ ಅಭ್ಯಾಸ ನನಗೆ ಬಹಳ ಇಷ್ಟ. ಅಭಿಮಾನಿಗಳು ಇಂಥ ರೆಕಾರ್ಡಿಂಗುಗಳನ್ನು ತಮ್ಮತಮ್ಮಲ್ಲೇ ಹಂಚಿಕೊಳ್ಳುತ್ತಾರೆ. ಒಳ್ಳೆಯ ಹಂಚಿಕೆಯ ಜೊತೆ ಒಂದು ಪುಟ್ಟ ಟೆಕ್ಸ್ಟ್ ಫೈಲ್ ಇರುತ್ತದೆ. ಯಾವ ಮೈಕು, ಯಾವ ಡೆಕ್ಕು, ಎಷ್ಟನೇ ಕಾಪಿ, ಕಂಪ್ಯೂಟರಿನಲ್ಲಿ ಏನೇನು ಮಾಡಿದೆ, ಎಲ್ಲ ಅದರಲ್ಲಿರುತ್ತದೆ. ಹಾಡುಗಳು ಫ್ಲ್ಯಾಕ್ ರೂಪದಲ್ಲಿರುತ್ತವೆ, ಎಂಪಿ3 ಅಲ್ಲ. ಫ್ಲ್ಯಾಕ್‌ನಲ್ಲಿ ಏನೂ ಕಳೆದುಹೋಗುವುದಿಲ್ಲ. ತಿದ್ದದ ಮೂಲ ಪ್ರತಿಯನ್ನೂ ಬೇರೆಯಾಗಿ ಇಡುತ್ತಾರೆ. ನಾಳೆ ನನಗಿಂತ ಒಳ್ಳೆಯ ಕಿವಿಯವರು ಬಂದು ಮತ್ತೆ ಮೊದಲಿಂದ ಶುರುಮಾಡಬಹುದು.

ಹಂಚುವವರ ಇನ್ನೊಂದು ನಿಯಮ, ದುಡ್ಡು ಮುಟ್ಟಬಾರದು. ಅಂಚೆಯ ಕಾಲದಲ್ಲಿ ಖಾಲಿ ಕ್ಯಾಸೆಟ್ಟೂ ವಾಪಸ್ ಅಂಚೆ ಖರ್ಚೂ ಕಳಿಸಿದರೆ ಹಾಡು ತುಂಬಿಸಿ ಕಳಿಸುತ್ತಿದ್ದರು, ಅಷ್ಟೇ. ಗ್ರೇಟ್‌ಫುಲ್ ಡೆಡ್ ತಂಡವಂತೂ 1984ರಲ್ಲಿ ಟೇಪ್ ಮಾಡುವವರಿಗೆ ಅಂತಲೇ ಸಭಾಂಗಣದಲ್ಲಿ ಬೇರೆ ಜಾಗ ಕೊಟ್ಟಿತು. 2002ರಲ್ಲಿ ಇಂಟರ್ನೆಟ್ ಆರ್ಕೈವ್ ಎಂಬ ಆನ್‌ಲೈನ್ ಗ್ರಂಥಾಲಯ ನೇರ ಸಂಗೀತಕ್ಕೆ ಪ್ರತ್ಯೇಕ ಭಂಡಾರ ತೆರೆದಾಗ, ಟೇಪಿಗೆ ಒಪ್ಪಿಗೆ ಕೊಟ್ಟ ತಂಡಗಳದ್ದನ್ನು ಮಾತ್ರ ಅದರಲ್ಲಿ ಇಟ್ಟಿತು. ಒಪ್ಪದ ತಂಡಗಳೂ ಇವೆ. ಹಾಡಿನ ಮೇಲೆ ಕಲಾವಿದರ ಹಕ್ಕು ಇದ್ದೇ ಇದೆ. ಅವರು ಬೇಡ ಅಂದರೆ ತೆಗೆದುಬಿಡಬೇಕು. ಅವರೇ ಹೊರತಂದರೆ ಕೊಂಡು ಕೇಳಬೇಕು.

ಮಿಲ್ಲಾರ್ಡ್ 1994ರಲ್ಲಿ ತೀರಿಕೊಂಡರು. ಅವರ ಮೂಲ ಟೇಪುಗಳು ನಾಶವಾದವು ಅಂತ ವರ್ಷಗಟ್ಟಲೆ ಜನ ನಂಬಿದ್ದರು. ಟೇಪುಗಳು ಉಳಿದಿದ್ದವು. 2020ರಿಂದ ಅವರ ಗೆಳೆಯರು ಅವನ್ನು ಒಂದೊಂದಾಗಿ ಹಂಚತೊಡಗಿದರು. 2025ರ ಡಿಸೆಂಬರ್‌ನಲ್ಲಿ 'ವಿಶ್ ಯು ವರ್ ಹಿಯರ್' ಆಲ್ಬಮ್‌ನ ಐವತ್ತನೇ ವರ್ಷದ ಆವೃತ್ತಿ ಬಂತು. ಏಪ್ರಿಲ್ 26ರ ಆ ರೆಕಾರ್ಡಿಂಗನ್ನು ಇಂಗ್ಲೆಂಡಿನ ಸಂಗೀತಗಾರ ಸ್ಟೀವನ್ ವಿಲ್ಸನ್ ಅವರಿಂದ ಸರಿಪಡಿಸಿ ಅದರಲ್ಲಿ ಸೇರಿಸಿದರು. ಕಾವಲಿನ ಕಣ್ಣು ತಪ್ಪಿಸಿ ಮಾಡಿದ ಟೇಪು ತಂಡದ ಹೆಸರಿನಲ್ಲೇ ಹೊರಬಂತು.

ಆ ತಂಡದಲ್ಲಿ ಹಿಂದೆ ಇದ್ದ ರೋಜರ್ ವಾಟರ್ಸ್ 2002ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೂ ಬಂದು ಹಾಡಿದ್ದರು. ನಿಮ್ಮಲ್ಲಿ ಯಾರಾದರೂ ಅವತ್ತು ಜೇಬಿನಲ್ಲಿ ಪುಟ್ಟ ರೆಕಾರ್ಡರ್ ಇಟ್ಟುಕೊಂಡು ಹೋಗಿದ್ದರೆ, ಆ ಕ್ಯಾಸೆಟ್ಟನ್ನು ಈಗಲೇ ಹಳೇ ಡೆಕ್ಕಿಗೆ ಹಾಕಬೇಡಿ. ಮೊದಲು ಹೆಡ್ಡನ್ನು ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಒರೆಸಿ. ಕ್ಯಾಸೆಟ್ಟಿನ ಒಳಗಿನ ಪುಟ್ಟ ಸ್ಪಂಜು ಬಿದ್ದುಹೋಗಿಲ್ಲ ತಾನೇ ನೋಡಿ. ಬೇಡದ ಕ್ಯಾಸೆಟ್ಟೊಂದನ್ನು ಹಾಕಿ, ಡೆಕ್ಕು ಟೇಪನ್ನು ನುಂಗುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಒಂದೇ ಸಲಕ್ಕೆ, ಎಲ್ಲೂ ನಿಲ್ಲಿಸದೆ, ಕಂಪ್ಯೂಟರಿಗೆ ಇಳಿಸಿಕೊಳ್ಳಿ.

ನಮಸ್ಕಾರ.