ಸಂಜೆಯಾಗುವ ಮೊದಲೇ ಹೊರಡುವ ಹಡಗು

ಎಲ್ಲರಿಗೂ ಕಲಬುರಗಿಯಿಂದ ನಮಸ್ಕಾರ್ರಿ. ಕ್ರೂಸ್, ಅಂದರೆ ಹಡಗಿನಲ್ಲೇ ಉಳಿದು ಊರೂರು ಸುತ್ತುವ ಪ್ರವಾಸದ ಬಗ್ಗೆ ಮಾತಾಡಿ ಅಂತ ಬಹಳ ಜನ ಕೇಳುತ್ತಿದ್ದೀರಿ. ಸಮುದ್ರವೇ ಇಲ್ಲದ ಊರಿನವರಿಗೆ ಹಡಗಿನ ಹುಚ್ಚು ಸ್ವಲ್ಪ ಜಾಸ್ತಿ, ಅಲ್ವಾ? ನನಗೂ ಇತ್ತು. ಹೋಗಿ ಬಂದಿದ್ದೇನೆ, ಮತ್ತೆ ಹೋಗಲೂಬಹುದು. ಆದರೆ ನನ್ನದೊಂದು ತಕರಾರಿದೆ.

ಜಾಹೀರಾತು ನೋಡಿರುತ್ತೀರಿ. ಒಂದೇ ವಾರದಲ್ಲಿ ಬಾರ್ಸಿಲೋನಾ, ಮಾರ್ಸೇ, ರೋಮ್, ನೇಪಲ್ಸ್. ಹಡಗು ಬೆಳಿಗ್ಗೆ ಏಳೆಂಟಕ್ಕೆ ಬಂದರಿಗೆ ಬರುತ್ತದೆ. ಸಂಜೆ ಐದಾರಕ್ಕೆ ಹೊರಟುಬಿಡುತ್ತದೆ. ಅದಕ್ಕೂ ಅರ್ಧ, ಒಂದು ಗಂಟೆ ಮೊದಲೇ ನಾವು ವಾಪಸ್ ಹತ್ತಿರಬೇಕು. ಹಾಗಾಗಿ ಊರು ನಮಗೆ ಸಿಗುವುದು ಹೆಚ್ಚು ಕಡಿಮೆ ಒಂಬತ್ತರಿಂದ ನಾಲ್ಕರವರೆಗೆ.

ಈಗ ನಮ್ಮೂರನ್ನೇ ತಗೊಳ್ರಿ. ಬೇಸಿಗೆ ಬಂತೆಂದರೆ ಕಲಬುರಗಿ ವಿಭಾಗದಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. ಮೇ ತಿಂಗಳಲ್ಲಿ ಯಾರಾದರೂ ಒಂಬತ್ತಕ್ಕೆ ಬಂದು ನಾಲ್ಕಕ್ಕೆ ಹೋದರೆ ಏನು ನೋಡುತ್ತಾರೆ? ಕೋಟೆಯೊಳಗಿನ ಜಾಮಿಯಾ ಮಸೀದಿ ನೋಡಬಹುದು. 1367ರದ್ದು, ಅಂಗಳವೇ ಇಲ್ಲದೆ ಪೂರ್ತಿ ಚಾವಣಿ ಹಾಕಿ ಕಟ್ಟಿದ್ದು. ಪುಣ್ಯಕ್ಕೆ ಒಳಗೆ ತಣ್ಣಗಿರುತ್ತದೆ. ಹೊರಗೆ ಬಂದರೆ ಬಿಸಿಲು, ಎಳೆದ ಶಟರ್, ನೆರಳಲ್ಲಿ ಮಲಗಿದ ನಾಯಿ. ಸೂಪರ್ ಮಾರ್ಕೆಟ್ ಅಂತ ಕರೆಯುವ ನಮ್ಮ ಬಜಾರಿನಲ್ಲಿ ಕಾಲಿಡಲು ಜಾಗವಿಲ್ಲದಂತೆ ಜನ ಸೇರುವುದು, ಅಪ್ಪನ ಕೆರೆಯ ಸುತ್ತ ಮಕ್ಕಳು ಮರಿ ಸಮೇತ ಓಡಾಡುವುದು, ಮಿರ್ಚಿ ಕರಿಯುವ ಬಂಡಿಗಳು, ಇವೆಲ್ಲ ಸೂರ್ಯ ಇಳಿದ ಮೇಲಿನ ಮಾತು. ನಾಲ್ಕಕ್ಕೆ ಹೋದವರು ಕಲಬುರಗಿ ಸತ್ತ ಊರು ಅಂದರೆ ನಮಗೆ ಸಿಟ್ಟು ಬರುವುದಿಲ್ಲವೇ?

ಹಡಗು ಸುತ್ತುವ ಮೆಡಿಟರೇನಿಯನ್ ಸಮುದ್ರದ ದಡದ ಊರುಗಳೂ ಹೀಗೇ. ದಕ್ಷಿಣ ಇಟಲಿಯಲ್ಲಿ ಮಧ್ಯಾಹ್ನ ಎಷ್ಟೋ ಅಂಗಡಿಗಳು ಮುಚ್ಚುತ್ತವೆ. ಊಟದ ನಂತರ ಜನ ಮನೆಯೊಳಗೆ. ಸಂಜೆ ಆರರ ಸುಮಾರಿಗೆ ಅಜ್ಜ ಅಜ್ಜಿಯಿಂದ ಹಿಡಿದು ಮೊಮ್ಮಕ್ಕಳವರೆಗೆ ಒಳ್ಳೆ ಬಟ್ಟೆ ಹಾಕಿಕೊಂಡು ಬೀದಿಗೆ ಬರುತ್ತಾರೆ. ಸ್ಪೇನ್‌ನಲ್ಲಂತೂ ರಾತ್ರಿ ಊಟ ಶುರುವಾಗುವುದೇ ಒಂಬತ್ತರ ಮೇಲೆ. ನಾವು ಆ ಹೊತ್ತಿಗೆ ಹಡಗಿನ ಬಫೆ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿರುತ್ತೇವೆ.

ಹಡಗು ಸಂಜೆಯೇ ಯಾಕೆ ಹೊರಡಬೇಕು? ನಾವು ಮಲಗಿದಾಗ ಸಾಗಿದರೆ ಬೆಳಿಗ್ಗೆ ಮುಂದಿನ ಊರು ಮುಟ್ಟಬಹುದು. ಇದು ಸರಿ. ಇನ್ನೊಂದು ಲೆಕ್ಕವೂ ಇದೆ. ಬಂದರಿನಲ್ಲಿ ನಿಂತಿರುವಾಗ ಹಡಗಿನ ಕ್ಯಾಸಿನೊ, ತೆರಿಗೆ ಇಲ್ಲದ ಅಂಗಡಿಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ. ಸಮುದ್ರಕ್ಕಿಳಿದ ಮೇಲೆ ತೆರೆಯುತ್ತವೆ. ನಿಮ್ಮ ಜೇಬು ಖಾಲಿ ಮಾಡಿಸಲೂ ಸಂಜೆಯ ಹೊತ್ತೇ ಒಳ್ಳೆಯದು ಅಂತ ಹಡಗಿನವರಿಗೆ ಗೊತ್ತು.

ರೋಮ್ ವಿಷಯವಂತೂ ಇನ್ನೂ ಮಜಾ. ಹಡಗು ರೋಮ್‌ಗೆ ಹೋಗುವುದೇ ಇಲ್ಲ. ನಿಲ್ಲುವುದು ಚಿವಿಟಾವೆಕಿಯಾ ಎಂಬ ಬಂದರಿನಲ್ಲಿ. ಅಲ್ಲಿಂದ ರೋಮ್ ಎಪ್ಪತ್ತು ಕಿಲೋಮೀಟರ್ ಮೇಲೆ. ಹೋಗಿ ಬರುವುದರಲ್ಲೇ ಮೂರು ತಾಸು ಹಾಳು. ನಾವು ಕೊಲೋಸಿಯಂ ಮುಂದೆ ಫೋಟೋ ತೆಗೆದುಕೊಂಡೆವು, ಟ್ರೆವಿ ಕಾರಂಜಿಗೆ ನಾಣ್ಯ ಎಸೆದೆವು, ಗಡಿಯಾರ ನೋಡಿಕೊಂಡು ಓಡಿದೆವು. ಹಡಗಿನವರೇ ಏರ್ಪಡಿಸಿದ ಟೂರ್ ತಡವಾದರೆ ಹಡಗು ಕಾಯುತ್ತದೆ. ಸ್ವಂತ ಹೋದವರಿಗೆ ಕಾಯುವುದಿಲ್ಲ. ಆ ಭಯದಲ್ಲೇ ಅರ್ಧ ದಿನ ಹೋಯಿತು.

ಬೀದರ್‌ಗೆ ಬಂದಿದ್ದ ಅಫನಾಸಿ ನಿಕಿತಿನ್ ನೆನಪಿಗೆ ಬರುತ್ತಾನೆ. 15ನೇ ಶತಮಾನದ ರಷ್ಯಾದ ವ್ಯಾಪಾರಿ. ಮಾರಲು ಒಂದು ಕುದುರೆ ತಂದಿದ್ದ. ಹಡಗಿನಲ್ಲಿ ಈಗಿನ ಮಹಾರಾಷ್ಟ್ರದ ಚೌಲ್‌ಗೆ ಬಂದು ಇಳಿದ, ನಡೆದು ಬೀದರ್ ಮುಟ್ಟಿದ. ಅಲ್ಲೇ ತಿಂಗಳುಗಟ್ಟಲೆ ಇದ್ದ. ಜನರ ಸ್ನೇಹ ಮಾಡಿಕೊಂಡ. ನಮ್ಮ ಆಳಂದದ ಜಾತ್ರೆಯ ಬಗ್ಗೆಯೂ ಬರೆದಿದ್ದಾನೆ, ಗೊತ್ತೇನ್ರಿ? ಸುಲ್ತಾನನ ಅರಮನೆಯ ಬಾಗಿಲುಗಳನ್ನು, ಒಳಗೆ ಹೋಗುವವರನ್ನು ಬರೆದುಕೊಳ್ಳುವ ಗುಮಾಸ್ತರನ್ನು ಎಲ್ಲ ನೋಡಿದವನು ಇನ್ನೊಂದು ಮಾತನ್ನೂ ಬರೆದ: ಇಲ್ಲಿ ಅಮೀರರು, ಅಂದರೆ ಸುಲ್ತಾನನ ಸರದಾರರು, ಬಹಳ ಶ್ರೀಮಂತರು, ಹಳ್ಳಿಯ ಜನ ಬಹಳ ಬಡವರು. ಮದರಸಾ, ಕೋಟೆ ಅಂತ ಸುತ್ತಿ ಬಸ್ ಹತ್ತಿದವನ ಕಣ್ಣಿಗೆ ಇದು ಬೀಳುತ್ತದೆಯೇ?

ವೆನಿಸ್‌ನಲ್ಲಂತೂ ಹಗಲು ಬಂದು ಹೋಗುವವರ ಈ ಲೆಕ್ಕವನ್ನು ಕಾನೂನನ್ನಾಗಿಯೇ ಮಾಡಿದ್ದಾರೆ. ದೊಡ್ಡ ಹಡಗುಗಳು ಊರ ನಡುವಿನ ಕಾಲುವೆಯಲ್ಲಿ ಹಾಯುವುದನ್ನು 2021ರ ಆಗಸ್ಟ್‌ನಿಂದ ನಿಲ್ಲಿಸಿದರು. 2024ರ ಏಪ್ರಿಲ್‌ನಿಂದ, ಜನಜಂಗುಳಿಯ ದಿನಗಳಲ್ಲಿ ಬಂದು ಅದೇ ದಿನ ಹೋಗುವವರಿಗೆ 5 ಯೂರೋ ಪ್ರವೇಶ ಶುಲ್ಕ ಹಾಕಿದರು. ರಾತ್ರಿ ಉಳಿಯುವವರಿಗೆ ಈ ಶುಲ್ಕ ಇಲ್ಲ. ಸಮಯ ಯಾವುದು ಗೊತ್ತೇ? ಬೆಳಿಗ್ಗೆ ಎಂಟೂವರೆಯಿಂದ ಸಂಜೆ ನಾಲ್ಕು.

ಹಾಗಂತ ಕ್ರೂಸ್ ಸುಮ್ನೆ ದಂಡ ಅನ್ನುವುದಿಲ್ಲ. ನಮ್ಮ ಅವ್ವನಿಗೆ ಮೊಣಕಾಲು ನೋವು. ಪ್ರತಿ ಊರಿಗೂ ಪೆಟ್ಟಿಗೆ ಕಟ್ಟಿ ಬಿಚ್ಚುವ ಗೋಳಿಲ್ಲ, ಲಿಫ್ಟ್ ಇದೆ, ಮೊದಲೇ ಹೇಳಿದರೆ ಸಸ್ಯಾಹಾರವೂ ಸಿಗುತ್ತದೆ. ಡೆಕ್ ಮೇಲೆ ಕುಳಿತು ದಿನವೆಲ್ಲ ನೀರು ನೋಡಿದಳು. ರೊಟ್ಟಿ ಇಲ್ಲ ಅನ್ನುವುದೊಂದು ಬಿಟ್ಟರೆ ದೂರಿರಲಿಲ್ಲ. ಅವಳ ಮಟ್ಟಿಗೆ ಹಡಗೇ ಊರು.

ನೀವು ಬುಕ್ ಮಾಡುವಾಗ ಈಜುಕೊಳ ಎಷ್ಟಿವೆ ಅಂತ ಆಮೇಲೆ ಎಣಿಸಿ. ಮೊದಲು ಹೊರಡುವ ಹೊತ್ತು ನೋಡಿ. ಹಡಗು ಹತ್ತುವ ಊರಿಗೆ ಎರಡು ದಿನ ಮೊದಲೇ ಹೋಗಿ ಉಳಿಯಿರಿ. ದೂರದ ಊರು ಬೇಡ ಅನಿಸಿದರೆ ಬಂದರಿನಲ್ಲೇ ಅಡ್ಡಾಡಿ. ಚಿವಿಟಾವೆಕಿಯಾದಲ್ಲೇ ನೀರಿನ ಪಕ್ಕ 16ನೇ ಶತಮಾನದ ಕೋಟೆಯೊಂದಿದೆ, ನಾವೆಲ್ಲ ಬಸ್ಸಿನ ಕಿಟಕಿಯಿಂದ ನೋಡಿ ಬಿಟ್ಟಿದ್ದು. ನೇಪಲ್ಸ್‌ನಲ್ಲಿ ಹಡಗು ಊರ ಮಧ್ಯಕ್ಕೇ ಬರುತ್ತದೆ, ನಡೆದೇ ಹೋಗಬಹುದು. ಇಸ್ತಾಂಬುಲ್‌ನಲ್ಲಿ ಒಂದು ರಾತ್ರಿ ನಿಲ್ಲುವ ಹಡಗುಗಳೂ ಇವೆ. ದುಡ್ಡು ಜಾಸ್ತಿ ಕೇಳಿದರೆ ಬಾಲ್ಕನಿ ಕೋಣೆ ಬಿಟ್ಟು ಕಿಟಕಿ ಇಲ್ಲದ ಒಳಗಿನ ಕೋಣೆ ತೆಗೆದುಕೊಳ್ಳಿ. ನಿದ್ದೆಗೂ ಅದೇ ಒಳ್ಳೆಯದು, ಬೆಳಕೇ ಬರುವುದಿಲ್ಲ.