ವೀಣೆ ಬೇಕು ಅಂದವರಿಗೆ ಸಿಕ್ಕಿದ್ದು ಇಂಗ್ಲಿಷ್ ಬ್ಯಾಂಡು!

[ಹಳೆಯ ಸಂಸತ್ ಭವನದ ಚಿತ್ರ]

ನಮಸ್ಕಾರ. 1949ರ ನವೆಂಬರ್. ದೆಹಲಿಯಲ್ಲಿ ಸಂವಿಧಾನ ಸಭೆ ನಡೆಯುತ್ತಿದೆ. ಮೈಸೂರಿನ ಸದಸ್ಯರೊಬ್ಬರು ಎದ್ದು ನಿಂತು ಬೇಸರ ತೋಡಿಕೊಂಡರು. ನಮಗೆ ಬೇಕಿದ್ದದ್ದು ವೀಣೆ, ಸಿತಾರಿನ ನಾದ. ಈ ಸಂವಿಧಾನದಲ್ಲಿ ಕೇಳಿಸ್ತಿರೋದು ಇಂಗ್ಲಿಷ್ ಬ್ಯಾಂಡು ಅಂತ. ಯಾರು ಗೊತ್ತಾ? ನಮ್ಮ ಕೆಂಗಲ್ ಹನುಮಂತಯ್ಯನವರು.

ಅವರು ಸುಮ್ನೆ ಹೇಳಿದ್ದಲ್ಲ. ಇಡೀ ಮಂತ್ರಿಮಂಡಲ ಒಟ್ಟಾಗಿ ಲೋಕಸಭೆಗೆ ಉತ್ತರ ಕೊಡಬೇಕು ಅನ್ನುತ್ತದೆ ನಮ್ಮ 75ನೇ ವಿಧಿ. ಅದು ಬ್ರಿಟನ್ನಿನ ಪದ್ಧತಿಯೇ. ತಮಾಷೆ ಏನಂದರೆ, ಬ್ರಿಟನ್ನಿನಲ್ಲಿ ಅದು ಬರೀ ರೂಢಿ. ಅಲ್ಲಿ ಸಂವಿಧಾನ ಅಂತ ಒಂದು ಪುಸ್ತಕವೇ ಇಲ್ಲ! ಅವರ ರೂಢಿಯನ್ನು ನಾವು ಕಾನೂನು ಮಾಡಿ ಬರೆದಿಟ್ಟುಕೊಂಡೆವು.

ಹಾಗಾದರೆ ಅಮೆರಿಕದ ದಾರಿ ಯಾಕೆ ಬೇಡವಾಯಿತು? 1948ರ ನವೆಂಬರ್ 4ರಂದು ಅಂಬೇಡ್ಕರ್ ಇದನ್ನು ಬಿಡಿಸಿ ಹೇಳಿದರು. ಅಲ್ಲಿ ಅಧ್ಯಕ್ಷರ ಕುರ್ಚಿ ನಾಲ್ಕು ವರ್ಷ ಭದ್ರ. ಬ್ರಿಟನ್ನಿನಂಥ ಸಂಸದೀಯ ಪದ್ಧತಿಯಲ್ಲಿ ಹಾಗಲ್ಲ. ಪ್ರಶ್ನೆ, ಚರ್ಚೆ, ಅವಿಶ್ವಾಸ ನಿರ್ಣಯ, ಹೀಗೆ ದಿನಾ ಪರೀಕ್ಷೆ. ಸರ್ಕಾರ ಅಲುಗಾಡಿದರೂ ಪರವಾಗಿಲ್ಲ, ಲೆಕ್ಕ ಕೊಡಲಿ ಅನ್ನುವ ಕಡೆಗೆ ಸಂವಿಧಾನದ ಕರಡು ವಾಲಿತು. ಎರವಲು ತರೋದರಲ್ಲಿ ನಾಚಿಕೆ ಏನೂ ಇಲ್ಲ ಅಂತಲೂ ಅವರು ಅಂದೇ ಹೇಳಿಬಿಟ್ಟರು.

[ಭೂಪಟ: ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್]

ಈ ನಾಲ್ಕೂ ದೇಶ ಸುತ್ತಿ ಬಂದವರು ಸಂವಿಧಾನ ಸಭೆಯ ಸಲಹೆಗಾರ ಬೆನಗಲ್ ನರಸಿಂಗ ರಾವ್. ಹುಟ್ಟಿದ್ದು ಮಂಗಳೂರಿನಲ್ಲಿ. ಬ್ರಿಟನ್ನಿಗೆ ರಾಜ ಇದ್ದಾನೆ, ಗಣರಾಜ್ಯಕ್ಕೆ ಯಾರು? 1937ರ ಐರ್ಲೆಂಡ್ ಸಂವಿಧಾನದಲ್ಲಿ ಒಂದು ಮಾದರಿ ಇತ್ತು: ಚುನಾಯಿತ ಅಧ್ಯಕ್ಷ, ಆಡಳಿತ ಮಾತ್ರ ಪ್ರಧಾನಿಯ ಕೈಯಲ್ಲಿ. ರಾಜ್ಯಸಭೆಗೆ 12 ಮಂದಿಯನ್ನು ನಾಮನಿರ್ದೇಶನ ಮಾಡುವ ಪದ್ಧತಿಯೂ ಅಲ್ಲಿಂದಲೇ ಬಂದದ್ದು. ಎರಡು ಸದನಗಳು ಜಟಾಪಟಿಗೆ ಬಿದ್ದರೆ ಒಟ್ಟಿಗೆ ಕೂರಿಸುವ ಜಂಟಿ ಅಧಿವೇಶನ ಮಾತ್ರ ಆಸ್ಟ್ರೇಲಿಯಾದ್ದು.

ಆದರೆ ತಂದದ್ದನ್ನು ಹಾಗೇ ಇಟ್ಟುಕೊಳ್ಳಲಿಲ್ಲ. ಬ್ರಿಟನ್ನಿನ ಪ್ರಧಾನಿ ಕೆಳಮನೆಯವರೇ ಆಗಿರಬೇಕು ಅನ್ನೋದು ಈಗಿನ ರೂಢಿ. ನಮ್ಮಲ್ಲಿ ಯಾವ ಸದನವಾದರೂ ಆಯಿತು. 1996ರಲ್ಲಿ ದೇವೇಗೌಡರು ಪ್ರಮಾಣ ವಚನ ತಗೊಂಡಾಗ ಸಂಸದರೇ ಆಗಿರಲಿಲ್ಲ! ಆರು ತಿಂಗಳೊಳಗೆ ಆಯ್ಕೆಯಾಗಬೇಕಿತ್ತು, ರಾಜ್ಯಸಭೆಗೆ ಬಂದರು. ಮರುವರ್ಷ ಲೋಕಸಭೆಯಲ್ಲಿ ವಿಶ್ವಾಸಮತ ಸೋತು ಇಳಿದರು. ಅಂಬೇಡ್ಕರ್ ಹೇಳಿದ ಪರೀಕ್ಷೆ ಅಂದರೆ ಇದೇ, ಅಲ್ವಾ?

[ವಿಧಾನಸೌಧ]

ಬ್ಯಾಂಡಿನ ಬಗ್ಗೆ ಬೇಸರ ಪಟ್ಟ ಹನುಮಂತಯ್ಯನವರು 1952ರಲ್ಲಿ ಅದೇ ಸಂವಿಧಾನದಡಿ ಮೈಸೂರಿನ ಮುಖ್ಯಮಂತ್ರಿಯಾದರು. ಈ ವಿಧಾನಸೌಧ ಕಟ್ಟಿಸಿದರು. 1956ರಲ್ಲಿ ಸ್ವಂತ ಪಕ್ಷದ ಶಾಸಕರ ಬೆಂಬಲ ಕೈತಪ್ಪಿತು. ಕುರ್ಚಿ ಬಿಟ್ಟು ಇಳಿದರು.