ಕೈ ಏಳದೆ ಬರೆಯುವವರು

ಎಲ್ಲರಿಗೂ ನಮಸ್ಕಾರ. ಹಳೇ ಸಾಫ್ಟ್‌ವೇರ್ ಬಿಡದ ಬರಹಗಾರರನ್ನು ಜನ ಹಟಮಾರಿಗಳು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಅದನ್ನು ಹೇಳೋದಕ್ಕೇ ಬಂದಿದ್ದೇನೆ.

ವರ್ಡ್‌ಸ್ಟಾರ್ ಅಂದರೆ ಕಂಪ್ಯೂಟರಿನಲ್ಲಿ ಬರೆಯೋಕೆ, ತಿದ್ದೋಕೆ ಇದ್ದ ಒಂದು ಹಳೇ ಸಾಫ್ಟ್‌ವೇರ್. 1978ರಲ್ಲಿ ಸೀಮೋರ್ ರೂಬಿನ್‌ಸ್ಟೀನ್ ಅವರ ಮೈಕ್ರೋಪ್ರೋ ಕಂಪನಿ ತಂದದ್ದು, ಕೋಡ್ ಬರೆದದ್ದು ರಾಬ್ ಬಾರ್ನಬಿ. ಆಗಿನ ಎಷ್ಟೋ ಕೀಬೋರ್ಡ್‌ಗಳಲ್ಲಿ ಬಾಣದ ಕೀಲಿಗಳೇ ಇರಲಿಲ್ಲ. ಮತ್ತೆ ಕರ್ಸರ್ ಓಡಾಡೋದು ಹೇಗೆ? ಕಂಟ್ರೋಲ್ ಹಿಡಿದು ಇ ಒತ್ತಿದರೆ ಮೇಲೆ, ಎಕ್ಸ್ ಒತ್ತಿದರೆ ಕೆಳಗೆ, ಎಸ್ ಎಡಕ್ಕೆ, ಡಿ ಬಲಕ್ಕೆ. ಮನೆಗೆ ಹೋಗಿ ಕೀಬೋರ್ಡ್ ನೋಡಿ, ನಾಲ್ಕೂ ಸೇರಿ ವಜ್ರದ ಆಕಾರ. ಆಚೀಚೆ ಇರುವ ಎ ಮತ್ತು ಎಫ್ ಒಂದೊಂದು ಪದ ಹಾರೋಕೆ. ಎಲ್ಲಾ ಎಡಗೈ ಬೆರಳಿಗೇ ಸಿಗುತ್ತೆ. ಬಾಣದ ಕೀಲಿ ಇಲ್ಲದ ಕೊರತೆಯಿಂದ ಎಂಥ ಸೊಗಸು ಹುಟ್ಟಿತು ನೋಡಿ! ಅಕ್ಷರದ ಕೀಲಿಗಳ ಮೇಲಿಂದ ಕೈ ಏಳೋದೇ ಬೇಡ. ಕೈ ಏಳದಿದ್ದರೆ ಯೋಚನೆಯೂ ಕಡಿಯೋದಿಲ್ಲ.

ಇನ್ನೊಂದು ಹೇಳಲೇಬೇಕು. ಒಂದು ಪ್ಯಾರಾ ಬೇರೆ ಕಡೆ ಹೋಗಬೇಕು ಅನ್ನಿಸಿತು ಅಂತಿಟ್ಟುಕೊಳ್ಳಿ. ಕಂಟ್ರೋಲ್ ಕೆ, ಬಿ: ಶುರು ಗುರುತಾಯಿತು. ಕಂಟ್ರೋಲ್ ಕೆ, ಕೆ: ಕೊನೆ ಗುರುತಾಯಿತು. ಈಗ ಎಲ್ಲಾದರೂ ಓಡಾಡಿ, ನಾಲ್ಕು ಸಾಲು ತಿದ್ದಿ, ಆ ಗುರುತು ಅಳಿಸೋದಿಲ್ಲ. ಸರಿಯಾದ ಜಾಗ ಸಿಕ್ಕಾಗ ಕಂಟ್ರೋಲ್ ಕೆ, ವಿ. ಪ್ಯಾರಾ ಅಲ್ಲಿಗೆ ಬಂತು. ಇವತ್ತಿನ ಪ್ರೋಗ್ರಾಂಗಳಲ್ಲಿ ಬೇರೆ ಕಡೆ ಒಮ್ಮೆ ಕ್ಲಿಕ್ ಮಾಡಿದರೆ ಆಯ್ಕೆ ಹೋಯ್ತು! ಬರೆಯುವವನು ಇನ್ನೂ ತೀರ್ಮಾನ ಮಾಡಿಲ್ಲ ಅನ್ನೋದನ್ನು ವರ್ಡ್‌ಸ್ಟಾರ್ ಗೌರವಿಸುತ್ತೆ. ಕಾಯುತ್ತೆ. ಇಲ್ಲೂ ಅಷ್ಟೇ, ಕೈ ಏಳಲಿಲ್ಲ ಅಲ್ವಾ?

‘ಗೇಮ್ ಆಫ್ ಥ್ರೋನ್ಸ್’ ಕಥೆಗಳ ಲೇಖಕ ಜಾರ್ಜ್ ಆರ್. ಆರ್. ಮಾರ್ಟಿನ್ 2014ರಲ್ಲಿ ಟಿವಿಯಲ್ಲಿ ತಾವು ಇದರಲ್ಲೇ ಬರೆಯೋದು ಅಂತ ಹೇಳಿದಾಗ ಜನ ನಕ್ಕರು. ವಿಂಡೋಸ್‌ಗಿಂತ ಮುಂಚಿನ ಡಾಸ್ ನಡೆಸುವ ಹಳೇ ಕಂಪ್ಯೂಟರ್, ಇಂಟರ್‌ನೆಟ್ ಇಲ್ಲ, ವರ್ಡ್‌ಸ್ಟಾರ್ 4. ಸಣ್ಣಕ್ಷರ ಒತ್ತಿದರೆ ಅದು ತಾನಾಗಿ ದೊಡ್ಡಕ್ಷರ ಆಗಬಾರದು ಅನ್ನೋದು ಅವರ ವಾದ. ಕಾಲ್ಪನಿಕ ಲೋಕದ ಹೆಸರುಗಳನ್ನೇ ದಿನವಿಡೀ ಬರೆಯುವವರಿಗೆ ಸಾಲು ಸಾಲಿಗೂ ತಿದ್ದಲು ಬರುವ ಯಂತ್ರ ಎಷ್ಟು ಕಾಟ ಅಂತ ಯೋಚಿಸಿ.

ಸಮಯ ಆಯಿತು ಅಂತ ಸನ್ನೆ ಮಾಡುತ್ತಿದ್ದಾರೆ.  ವರ್ಡ್‌ಸ್ಟಾರ್‌ಗೆ ಕೊರತೆಗಳೂ ಇವೆ. ಎಲ್ಲ ಭಾಷೆಗಳ ಅಕ್ಷರಗಳನ್ನೂ ಕಂಪ್ಯೂಟರಿಗೆ ಗುರುತಿಸಿ ಕೊಡುವ ಯೂನಿಕೋಡ್ ಅದಕ್ಕೆ ಗೊತ್ತಿಲ್ಲ, ಹಾಗಾಗಿ ನಾವು ಕನ್ನಡದಲ್ಲಿ ಬರೆಯೋಕೆ ಆಗೋದಿಲ್ಲ. ಇದು ನನಗೆ ನಿಜವಾಗಿಯೂ ಬೇಜಾರು. ಆದರೆ ಕೈ ಏಳದೆ ಬರೆಯೋ ಅನುಕೂಲವನ್ನು ನಮ್ಮ ಕನ್ನಡ ತಂತ್ರಾಂಶ ಮಾಡುವವರ ಹತ್ತಿರ ನಾವು ಕೇಳಬಹುದಲ್ಲ, ಕೇಳಲೇಬೇಕು.

ಕೆನಡಾದ ಕಾದಂಬರಿಕಾರ ರಾಬರ್ಟ್ ಜೆ. ಸಾಯರ್ 2024ರಲ್ಲಿ ವರ್ಡ್‌ಸ್ಟಾರ್ 7ನ್ನು ಕೈಪಿಡಿಗಳ ಸಮೇತ ಎಲ್ಲರಿಗೂ ಸಿಗುವಂತೆ ಮಾಡಿದ್ದಾರೆ. ಈಗಿನ ಕಂಪ್ಯೂಟರಿನಲ್ಲೂ ನಡೆಯುತ್ತೆ. ಒಂದು ವಾರ ಸುಮ್ನೆ ಬಳಸಿ ನೋಡಿ. ಆಜ್ಞೆಗಳ ಪಟ್ಟಿ ಪರದೆಯ ಮೇಲೇ ಇರುತ್ತೆ, ರೂಢಿಯಾದ ಮೇಲೆ ಮುಚ್ಚಿಬಿಡಬಹುದು. ಆಮೇಲೆ ಬಂದು ನನ್ನ ಜೊತೆ ಜಗಳ ಆಡಿ.